ಸತ್ತ ಹೆಸರು

ಗಸ್ ತಾನೇ ಇಳಿದು, ಕಾರನ್ನು ಸುತ್ತಿ ಬಂದು, ಈ ಕಡೆಯ ಬಾಗಿಲು ತೆರೆದು ನಿಂತದ್ದು ಓರಿನ್‌ಗೆ ಹಿಡಿಸಲಿಲ್ಲ. ಎರಕದ ಕಾರ್ಖಾನೆಗೆ ಒಟ್ಟಿಗೆ ಹೋಗಿಬರುತ್ತಿದ್ದ ಅಷ್ಟೂ ವರ್ಷಗಳಲ್ಲಿ ಗಸ್ ಒಂದು ದಿನವೂ ಹೀಗೆ ಮಾಡಿದವನಲ್ಲ. ಇವನ ಒಂದು ಕಾಲು ಇನ್ನೂ ಒಳಗಿರುವಾಗಲೇ ಕಾರನ್ನು ಮುಂದಕ್ಕೆ ಬಿಟ್ಟು, 'ಇಳಿಯೋ ತುಕ್ಕು, ಹೆಣ ಇಳಿಸೋಕೂ ಇಷ್ಟು ಹೊತ್ತು ಬೇಡ' ಎಂದು ಕೂಗುತ್ತಿದ್ದ. ಈಗ ಬಾಗಿಲು ಹಿಡಿದು, ಚರ್ಚಿನಲ್ಲಿ ಕಾಣಿಕೆ ತಟ್ಟೆ ಹಿಡಿದವನ ಹಾಗೆ ಮುಖ ಮಾಡಿಕೊಂಡು ನಿಂತಿದ್ದಾನೆ. ಸರೋವರದ ಮೇಲಿಂದ ಬರುವ ಗಾಳಿ ಕಿವಿ ಕೊಯ್ಯುತ್ತಿತ್ತು. ರಸ್ತೆಯ ಅಂಚಿನಲ್ಲಿ ಗುಡ್ಡೆ ಹಾಕಿದ ಹಿಮ ಕರಗಲೂ ಆರದೆ ಇರಲೂ ಆರದೆ ಕಪ್ಪಾಗಿ ಕೂತಿತ್ತು. ಓರಿನ್ ಬಲಗೈಯಿಂದ ಕಾರಿನ ಚಾವಣಿ ಹಿಡಿದು ಎದ್ದ. ಗಸ್‌ನ ಕೈ ತನ್ನ ಮೊಣಕೈಯ ಹತ್ತಿರ ಬಂದು, ಮುಟ್ಟದೆ, ಆದರೆ ಮುಟ್ಟಲು ಸಿದ್ಧವಾಗಿ, ಗಾಳಿಯಲ್ಲಿ ನಿಂತಿರುವುದನ್ನು ಕಣ್ಣಂಚಿನಲ್ಲಿ ಕಂಡ. 'ಜಾರುತ್ತೆ, ನೋಡ್ಕೊಂಡು' ಎಂದ ಗಸ್. ಜಾರುತ್ತದೆಂದು ಹೇಳಿಸಿಕೊಳ್ಳಲು ಅವನೇನು ಬೇರೆ ಊರಿನಿಂದ ಬಂದಿದ್ದನೇ?

ಹೆಂಡದಂಗಡಿಯ ಹಿಂದಿನ ಕೋಣೆಯಲ್ಲಿ ಕರಿದ ಪರ್ಚ್ ಮೀನಿನ ವಾಸನೆ, ಬಿಯರಿನ ವಾಸನೆ, ಒದ್ದೆ ಕೋಟುಗಳ ವಾಸನೆ ಒಂದರೊಳಗೊಂದು ಕಲೆತಿದ್ದವು. ಉದ್ದನೆಯ ಮೇಜು, ಎಂಟು ಕುರ್ಚಿ, ಗೋಡೆಗೆ ವೆಂಡೆಲ್ ಅಂಟಿಸಿದ ದೊಡ್ಡ ಬಿಳಿ ರಟ್ಟು. ರಟ್ಟಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪಟ್ಟಿ. ಪ್ರತಿ ವರ್ಷ ಮಾರ್ಚ್ ತಿಂಗಳ ಕೊನೆಯ ಶನಿವಾರ, ಬೇಸ್‌ಬಾಲ್ ಋತು ಶುರುವಾಗುವ ಮುಂಚೆ, ಇವರು ಇಲ್ಲಿ ಕೂತು ದೇಶದ ಆಟಗಾರರನ್ನೆಲ್ಲ ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತಿದ್ದರು. ಸರದಿ ಬಂದವನು ಒಂದು ಹೆಸರು ಕೂಗಬೇಕು. ಆ ಆಟಗಾರ ಬೇಸಿಗೆಯಿಡೀ ಹೊಡೆದದ್ದು, ಓಡಿದ್ದು, ಎಸೆದದ್ದೆಲ್ಲ ಕೂಗಿದವನ ಲೆಕ್ಕಕ್ಕೆ. ಸರದಿ ಮೊದಲ ಕುರ್ಚಿಯಿಂದ ಎಂಟನೆಯದಕ್ಕೆ ಹೋಗಿ, ಅಲ್ಲಿಂದ ಹಾವಿನಂತೆ ಮಡಚಿಕೊಂಡು ವಾಪಸು ಬರುತ್ತದೆ. ಹಾಗಾಗಿ ಕೊನೆಯ ಮೂಲೆಯಲ್ಲಿ ಕೂತವನಿಗೆ ಒಂದರ ಹಿಂದೆ ಒಂದು ಎರಡು ಹೆಸರು, ಆಮೇಲೆ ದೊಡ್ಡ ಉಪವಾಸ. ಮೂಲೆ ಎಲ್ಲರಿಗೂ ಬೇಡ. ಓರಿನ್‌ಗೆ ಬೇಕಿತ್ತು, ಚಳಿಗಾಲವೆಲ್ಲ ಕೂತು ಹೆಣೆದ ಉಪಾಯವೇ ಮೂಲೆಗಾಗಿ. ಚೀಟಿ ಎತ್ತಿದಾಗ ಮೂಲೆ ಮಿಲ್ಟ್‌ಗೆ ಬಂತು. ಓರಿನ್ ಆ ಕುರ್ಚಿಯನ್ನು ಒಂದು ಗಳಿಗೆ ನೋಡಿದ್ದಷ್ಟೇ, ಮಿಲ್ಟ್ ಎದ್ದು ನಿಂತು, 'ನೀನು ಕೂತ್ಕೋ ಇಲ್ಲಿ. ನಂಗೆ ಬಾಗಿಲ ಗಾಳಿ ಆಗಲ್ಲ' ಎಂದ. ಬಾಗಿಲು ಇದ್ದದ್ದು ಮೇಜಿನ ಇನ್ನೊಂದು ತುದಿಯಲ್ಲಿ. ಮಿಲ್ಟ್ ದಡ್ಡ, ಯಾವತ್ತೂ ದಡ್ಡನೇ, ಎಂದುಕೊಂಡು ಓರಿನ್ ಮೂಲೆಯಲ್ಲಿ ಕೂತ.

ನವೆಂಬರಿನಲ್ಲಿ ಅಂಗಳದ ಎಲೆ ಗುಡಿಸುತ್ತಿರುವಾಗ ಕುಂಟೆ ಕೈಯಿಂದ ಜಾರಿ ಬಿದ್ದಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದರೆ ಎಡಗೈ ಯಾರದೋ ಕೈಯ ಹಾಗೆ ತೂಗಿತು. ಬರ್ನಿಸ್, ಎಂದು ಹೆಂಡತಿಯನ್ನು ಕೂಗಲು ಬಾಯಿ ತೆರೆದರೆ ಬಾಯಲ್ಲಿ ಹೆಸರೇ ಇರಲಿಲ್ಲ, ಬರೀ ಉಗುಳು. ಆಸ್ಪತ್ರೆಯಲ್ಲಿ ಮೊಮ್ಮಗಳ ವಯಸ್ಸಿನ ಡಾಕ್ಟರು ಒಂದು ಪೆನ್ನು, ಒಂದು ಬೀಗದ ಕೈ, ಒಂದು ಬಾಚಣಿಗೆ ತೋರಿಸಿ, 'ಇದೇನು ಹೇಳಿ ನೋಡೋಣ' ಎಂದಾಗ ಬಾಚಣಿಗೆಯ ಹಲ್ಲುಗಳು ಅವನಿಗೆ ಒಂದೊಂದಾಗಿ ಕಾಣುತ್ತಿದ್ದವು. ಅದರಿಂದ ತಲೆ ಬಾಚಿಕೊಳ್ಳುತ್ತಾರೆಂದು ಗೊತ್ತಿತ್ತು. ತನ್ನಪ್ಪನ ಅಂಗಿ ಜೇಬಿನಲ್ಲಿದ್ದ ಬಾಚಣಿಗೆಗೆ ಎರಡು ಹಲ್ಲು ಮುರಿದಿತ್ತೆಂಬುದೂ ನೆನಪಿತ್ತು. ಹೆಸರೊಂದು ಮಾತ್ರ ಇಲ್ಲ. 'ಪರವಾಗಿಲ್ಲ, ನಿಧಾನ' ಎಂದಿದ್ದಳು ಆಕೆ. ಕ್ರಿಸ್‌ಮಸ್ ಹೊತ್ತಿಗೆ ಮಾತು ಮುಕ್ಕಾಲುಪಾಲು ವಾಪಸು ಬಂತು. ಆಗ ನೆಲಮಾಳಿಗೆಗೆ ಇಳಿದ. ಬಾಯ್ಲರಿನ ಪಕ್ಕ ಮಡಿಚುಕುರ್ಚಿ ಹಾಕಿಕೊಂಡು, ಜಪದ ಹಾಗೆ, ಆಟಗಾರರ ಹೆಸರು ಹೇಳತೊಡಗಿದ. ಕಾರ್ವರ್ ಹೋಲ್ಟ್‌ಬಿ. ಇಸಾಯಾಸ್ ಟೆಲ್ಲೆಸ್. ಬ್ರಾಂಟ್ ಡ್ಯುಸೆಕ್. ಅಮೋಸ್ ಟ್ರೆಡ್‌ವೆಲ್. ಮೇಲೆ ಇಸ್ತ್ರಿ ಮಾಡುತ್ತಿದ್ದ ಬರ್ನಿಸ್, 'ಓರಿನ್, ಯಾರ ಜೊತೆ ಮಾತಾಡ್ತಿದೀಯಾ?' ಎಂದು ಕೂಗುವಳು. ಯಾರ ಜೊತೆಯೂ ಅಲ್ಲ. ಡಾಕ್ಟರು ತಲೆ ಸರಿಯಿದೆ ಎಂದರೆ ಅವನು ನಂಬುತ್ತಿರಲಿಲ್ಲ. ಹೆಂಡತಿ ಹೇಳಿದರೆ ಮೊದಲೇ ಇಲ್ಲ. ಆ ಮೇಜಿನ ಮುಂದೆ, ಬಾಯಿಗೆ ಬಂದದ್ದು ಬೈಯುವ ಆ ಏಳು ಜನರ ನಡುವೆ ಕೂತು, ಅವರ ಮೂಗಿನ ಕೆಳಗಿಂದ ಒಳ್ಳೊಳ್ಳೆಯವರನ್ನು ಎಗರಿಸಿಕೊಂಡು ಬಂದರೆ, ಅವರು ಹೊಟ್ಟೆ ಉರಿದುಕೊಂಡು 'ಥೂ ತುಕ್ಕು ನನ್ಮಗನೇ' ಎಂದರೆ, ಆಗ ನಂಬುವುದು. ಅದೊಂದು ಬೇಕಿತ್ತು ಅವನಿಗೆ.

ಎಸೆತಗಾರರ ಹಿಂದೆ ಮೊದಲು ಓಡಬಾರದು, ಅವರ ತೋಳು ಗಾಜಿನದು, ಮೇ ತಿಂಗಳಲ್ಲಿ ಮುರಿಯುತ್ತದೆ. ಹೊಡೆಯುವವರು ಎಲ್ಲಿ ಬೇಕಾದರೂ ಸಿಗುತ್ತಾರೆ. ಆದರೆ ಚೆಂಡು ಹಿಡಿಯುವ ಕ್ಯಾಚರ್, ಬೇಸುಗಳ ನಡುವೆ ಕಾಯುವ ಶಾರ್ಟ್‌ಸ್ಟಾಪ್, ಇವರಲ್ಲಿ ಹೊಡೆಯಲೂ ಬಲ್ಲವರು ಬೆರಳೆಣಿಕೆ. ಅವರನ್ನು ಮೊದಲು ಹಿಡಿಯಬೇಕು. ಹೋದ ವರ್ಷ ಗಾಯವಾಗಿ ಮಲಗಿದ್ದು ಈ ವರ್ಷ ಎದ್ದವನನ್ನು ಜನ ನಂಬುವುದಿಲ್ಲ, ಹಾಗಾಗಿ ಅಂಥವನು ತಡವಾಗಿ ಸಿಗುತ್ತಾನೆ; ಅವನ ಮೇಲೆ ಕಣ್ಣಿಡಬೇಕು. ಭುಜ ಕೊಯ್ಯಿಸಿಕೊಂಡು ಬಂದ ಟೆಲ್ಲೆಸ್ ಅಂಥವನು. ಎಲ್ಲಕ್ಕಿಂತ ದೊಡ್ಡ ಗುಟ್ಟೆಂದರೆ ಕೊನೆಯಲ್ಲಿ ಬಂದು ಆಟ ಮುಗಿಸಿಕೊಡುವ ಎಸೆತಗಾರರು. ಯಾರಾದರೂ ಅಂಥವನೊಬ್ಬನನ್ನು ಎತ್ತಿಕೊಂಡರೆ ಉಳಿದವರೆಲ್ಲ ಗಾಬರಿಬಿದ್ದು, ಕುರಿಗಳ ಹಾಗೆ ಒಬ್ಬರ ಹಿಂದೊಬ್ಬರು ಅದೇ ಬೇಲಿ ಹಾರುತ್ತಾರೆ. ಮೂಲೆಯಲ್ಲಿ ಕೂತವನು ಆ ಗಾಬರಿಯನ್ನು ತಾನೇ ಹುಟ್ಟಿಸಬೇಕು. ಅಂಥವರಲ್ಲಿ ಯಾರಿಗೂ ಲೆಕ್ಕಕ್ಕಿಲ್ಲದ ಟ್ರೆಡ್‌ವೆಲ್‌ನನ್ನು ಮೊದಲು ಸದ್ದಿಲ್ಲದೆ ಎತ್ತಿಕೊಂಡುಬಿಡಬೇಕು, ಅವರು ತಿರುಗಿ ನೋಡಿ ನುಗ್ಗುವಷ್ಟರಲ್ಲಿ ಒಳ್ಳೆಯವನು ತನ್ನ ಕೈಯಲ್ಲಿ. ಚಳಿಗಾಲದಲ್ಲಿ ನೆಬ್ರಾಸ್ಕಾದಲ್ಲಿ ಅಪ್ಪನ ಹೊಲಕ್ಕೆ ಬೇಲಿ ಕಟ್ಟುವ, ಉದ್ದ ಕತ್ತಿನ, ಎಡಗೈಯಲ್ಲಿ ಎಸೆಯುವ ಟ್ರೆಡ್‌ವೆಲ್.

ಮೊದಲ ಕುರ್ಚಿಯಲ್ಲಿದ್ದ ಗಸ್ ಎಲ್ಲರಿಗಿಂತ ಮುಂಚೆ ಹೋಲ್ಟ್‌ಬಿಯ ಹೆಸರು ಕೂಗಿದ. ಹೋಲ್ಟ್‌ಬಿಯಂಥ ಹೊಡೆತಗಾರ ಈಗ ಇನ್ನೊಬ್ಬನಿಲ್ಲ. ಗಸ್ ಎದ್ದು ನಿಂತು ಸೊಂಟ ಕುಣಿಸಿ, ರಟ್ಟಿನ ಮೇಲೆ ತನ್ನ ಪಟ್ಟಿಯ ತಲೆಗೆ ಆ ಹೆಸರಿನ ಚೀಟಿಯನ್ನು ತಾನೇ ಬಡಿದು ಅಂಟಿಸಿ ಬಂದ. ಸರದಿ ಮೂಲೆಗೆ ಬಂದಾಗ ಓರಿನ್‌ಗೆ ನಂಬಲಾಗಲಿಲ್ಲ. ಟೆಲ್ಲೆಸ್ ಹಾಗೇ ಇದ್ದ. ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ ವೆಂಡೆಲ್, ಟೆಲ್ಲೆಸ್ ಮೇಲೆ ಮೊದಲಿಂದಲೂ ಜೀವ ಇಟ್ಟವನು, ಅವನನ್ನು ಬಿಟ್ಟು ಮೂರನೇ ಬೇಸ್ ಕಾಯುವ ಯಾರೋ ಮುದಿಯನನ್ನು ಹಿಡಿದಿದ್ದ. 'ಇಸಾಯಾಸ್ ಟೆಲ್ಲೆಸ್' ಎಂದ ಓರಿನ್, ನಾಲಿಗೆ ಎಡವದೆ. 'ಬ್ರಾಂಟ್ ಡ್ಯುಸೆಕ್' ಎಂದ. ಇಬ್ಬರೂ ಬಂದರು. ಎದೆಯೊಳಗೆ ಬಾಯ್ಲರಿನ ಬೆಂಕಿ ಹತ್ತಿದ ಹಾಗಾಯಿತು. 'ಚೆನ್ನಾಗಿ ಆರಿಸಿದೆ, ಓರಿನ್' ಎಂದ ವೆಂಡೆಲ್, ಚೀಟಿ ಅಂಟಿಸುತ್ತ.

ಮೂರನೆಯ ಸುತ್ತಿನಲ್ಲಿ ಮಿಲ್ಟ್ ಕನ್ನಡಕ ಮೇಲೆತ್ತಿ, ಕೆಳಗಿಳಿಸಿ, ಸರದಿಯ ಹೊತ್ತು ಅಳೆಯುವ ಮರಳುಗಡಿಯಾರದ ಮರಳು ಇನ್ನೇನು ಮುಗಿಯಿತು ಎನ್ನುವಾಗ, 'ಡ್ಯುಸೆಕ್!' ಎಂದು ಕೂಗಿಬಿಟ್ಟ. ಮೇಜು ಸಿಡಿಯಿತು.

'ಸತ್ತ! ಸತ್ತ! ಸತ್ತ!' ಎಂದು ಮುಷ್ಟಿಗಳು ಬಡಿದವು. ಬಿಯರ್ ಗ್ಲಾಸುಗಳು ಕುಣಿದವು. ಆಗಲೇ ಹೋಗಿಬಿಟ್ಟ ಹೆಸರನ್ನು ಕೂಗಿದರೆ ಅದು ಸತ್ತ ಹೆಸರು. ಕೂಗಿದವನ ಸರದಿ ಹೋಯಿತು, ಮೇಲೆ ಗೋಡೆಯ ಮೊಳೆಗೆ ನೇತುಹಾಕಿದ ಕತ್ತೆಕಿವಿಯ ಟೋಪಿ ಅವನ ತಲೆಗೆ.

'ಲೋ ಮಿಲ್ಟ್, ಗೋಡೆ ಮೇಲೆ ಆನೆಯಷ್ಟು ದೊಡ್ಡದಾಗಿ ಬರ್ದಿದೆಯಲ್ಲೋ!' ಎಂದ ಗಸ್. 'ಹೆಂಡತಿ ಹೆಸರಾದ್ರೂ ನೆನಪಿದ್ಯಾ, ಇಲ್ಲ ಅವಳನ್ನೂ ಪಕ್ಕದ ಮನೆಯವನು ಹಿಡ್ಕೊಂಡು ಹೋದ್ನಾ?'

'ಹೋಗ್ಲಿ ಬಿಡೋ, ಅವನೇ ಅನುಭವಿಸಲಿ' ಎಂದ ಮಿಲ್ಟ್, ಟೋಪಿ ಹಾಕಿಕೊಳ್ಳುತ್ತ.

ಕೋಣೆ ನಕ್ಕಿತು. ಓರಿನ್ ಕೂಡ ಬಲಮುಷ್ಟಿಯಲ್ಲಿ ಮೇಜು ಬಡಿದ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಗುವಿನ ನಡುವೆ ಒಂದು ಸಂಗತಿ ಸೊಳ್ಳೆಯ ಹಾಗೆ ಕಿವಿಯ ಹತ್ತಿರ ಬಂದು ಹೋಯಿತು. ಗಸ್ ಬೆಳಗಿನಿಂದ ಮಿಲ್ಟ್‌ನನ್ನು ಬೈದಿದ್ದ, ವೆಂಡೆಲ್‌ನ ಸ್ವೆಟರನ್ನು ಬೈದಿದ್ದ, ಮೀನು ತಂದಿಟ್ಟವಳನ್ನೂ ಬಿಟ್ಟಿರಲಿಲ್ಲ. ತನ್ನನ್ನು ಏನೂ ಅಂದಿರಲಿಲ್ಲ. ಮತ್ತೆ ಸುತ್ತು ತಿರುಗಿತು. ಅವನು ಬೇಕೆಂದುಕೊಂಡವರೆಲ್ಲ ಸಾಲಾಗಿ ಉಳಿದುಕೊಳ್ಳುತ್ತಿದ್ದರು. ಒಂದು ಹೆಸರು ಹೇಳಲು ಸ್ವಲ್ಪ ತಡವರಿಸಿದಾಗ ಯಾರೂ 'ಮರಳು! ಮರಳು!' ಎಂದು ಕೂಗಲಿಲ್ಲ. ವೆಂಡೆಲ್ ಮತ್ತೆ, 'ಒಳ್ಳೇ ಆಯ್ಕೆ, ಓರಿನ್' ಎಂದ. ಓರಿನ್. ಈ ಮೇಜಿನಲ್ಲಿ ಅವನಿಗೆ ಆ ಹೆಸರೇ ಇರಲಿಲ್ಲ. ಕಾರ್ಖಾನೆಗೆ ಸೇರಿದ ವಾರ, ಕೆಂಗೂದಲಿನ ಮೇಲೆ ಕಬ್ಬಿಣದ ಪುಡಿ ಕೂತದ್ದನ್ನು ನೋಡಿ ಜೊತೆಯ ಕೆಲಸಗಾರ ಡಚ್ ಇಟ್ಟ ಹೆಸರು ತುಕ್ಕು. ಕೂದಲು ಉದುರಿ ಹೋಯಿತು, ಹೆಸರು ಉಳಿಯಿತು. ಮಕ್ಕಳ ಮದುವೆಗೂ ಇವರು ತುಕ್ಕು ಎಂದೇ ಲಕೋಟೆಯ ಮೇಲೆ ಬರೆದಿದ್ದರು. ಅವನನ್ನು ಓರಿನ್ ಎಂದು ಕರೆಯುವವಳು ಲೋಕದಲ್ಲಿ ಹೆಂಡತಿ ಒಬ್ಬಳೇ. ಆ ಹೆಸರು ಇವರ ಬಾಯಿಗೆ ಅವಳ ಬಾಯಿಂದಲೇ ಬಂದಿರಬೇಕು. ಬರ್ನಿಸ್ ಫೋನು ಮಾಡಿದ್ದಾಳೆ. ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು, ದನಿ ತಗ್ಗಿಸಿ, 'ಓರಿನ್ ವಿಷಯ, ಗಸ್, ಸ್ವಲ್ಪ ನೋಡ್ಕೊಳ್ಳಿ' ಎಂದಿದ್ದಾಳೆ. ಆ ದನಿ ಅವನಿಗೆ ಈಗ, ಈ ಗದ್ದಲದ ನಡುವೆ, ನೆಲಮಾಳಿಗೆಯ ಮೆಟ್ಟಿಲಿನಿಂದ ಇಳಿದು ಬಂದ ಹಾಗೆ ಕೇಳಿಸಿತು.

ಆಗ ಮರಳುಗಡಿಯಾರವನ್ನು ನೋಡಿದ. ಮೊಟ್ಟೆ ಬೇಯಿಸಲು ಇಡುವಂಥ ಪುಟ್ಟ ಮರಳುಗಡಿಯಾರ. ಸರದಿ ಬಂದವನ ಮುಂದೆ ಅದನ್ನು ತಿರುಗಿಸಿಡುವುದು ಪಕ್ಕದವನ ಕೆಲಸ. ಅವನ ಸರದಿ ಬಂದಿತ್ತು. ಪಕ್ಕದಲ್ಲಿದ್ದ ವೆಂಡೆಲ್ ಅದನ್ನು ತಿರುಗಿಸಿರಲಿಲ್ಲ. ಮೀನಿನ ತಟ್ಟೆಯ ಮರೆಯಲ್ಲಿ, ಯಾರೋ ತಿಳಿಯದೆ ಕೆಡವಿದ ಹಾಗೆ, ಮಗ್ಗುಲಾಗಿ ಮಲಗಿಸಿದ್ದ. ಮರಳು ಎರಡು ಹೊಟ್ಟೆಗಳಲ್ಲೂ ಅಲ್ಲಾಡದೆ ಬಿದ್ದಿತ್ತು.

ಅದನ್ನು ಹಿಂದೊಮ್ಮೆ ಮೊದಲು ಹಾಗೆ ಮಲಗಿಸಿದವನು ಓರಿನ್. ಡಚ್‌ಗೆ ಗಂಟಲಿನ ಕಾಯಿಲೆಯಾದ ವರ್ಷ. ಡಚ್ ಇದೇ ಮೇಜು ಕಟ್ಟಿದವನು, ಕತ್ತೆಕಿವಿ ಟೋಪಿಯನ್ನು ಹೆಂಡತಿಯ ಕೈಯಲ್ಲಿ ಹೊಲಿಸಿ ತಂದವನು. ಬಾಯಿ ತೆರೆದರೆ ಸಾಕು, ಎರಕದ ಮನೆಯ ಗದ್ದಲದಲ್ಲೂ ಆ ತುದಿಗೆ ಕೇಳುತ್ತಿತ್ತು. ಆ ವರ್ಷ ದನಿ ಇಲ್ಲದೆ, ಪ್ರತಿ ಹೆಸರನ್ನೂ ಉಸಿರಿನಲ್ಲಿ ಕಟ್ಟಿ ಹೊರಗೆ ತಳ್ಳುತ್ತಿದ್ದ. ಪಕ್ಕದಲ್ಲಿ ಕೂತ ಓರಿನ್ ಯಾರಿಗೂ ಕಾಣದ ಹಾಗೆ ಗಡಿಯಾರವನ್ನು ಮಗ್ಗುಲಾಗಿಸಿದ. ಡಚ್ ಅದನ್ನು ನೋಡಿದ. ಆಮೇಲೆ ಓರಿನ್‌ನನ್ನು ನೋಡಿದ. ಎದ್ದು, ಸಿಗರೇಟು ಎಂದು ಬೆರಳಿನಲ್ಲಿ ತೋರಿಸಿ ಹೊರಗೆ ಹೋದವನು ತನ್ನ ಉಳಿದ ಆಟಗಾರರನ್ನು ಆರಿಸಲಿಲ್ಲ. ಆಗಸ್ಟಿನಲ್ಲಿ ತೀರಿಕೊಂಡ. ಆ ದಿನ ಮನೆಗೆ ಬಂದು ಓರಿನ್ ಹೆಂಡತಿಗೆ ಹೇಳಿದ್ದ, 'ಪಾಪ, ಗಡಿಯಾರ ಮಲಗಿಸಿಬಿಟ್ಟೆ ಕಣೇ, ನಿಧಾನಕ್ಕೆ ಹೇಳ್ಕೊಳ್ಲಿ ಅಂತ.' 'ನೀನು ಒಳ್ಳೆಯವನು ಓರಿನ್' ಎಂದಿದ್ದಳು ಬರ್ನಿಸ್. ಈ ಇಷ್ಟೂ ವರ್ಷ, ತನ್ನ ಬದುಕಿನಲ್ಲಿ ಯಾರಿಗಾದರೂ ಒಂದು ಒಳ್ಳೆಯದು ಮಾಡಿದ್ದೇನೆಯೇ ಎಂದು ಯೋಚಿಸಿದಾಗಲೆಲ್ಲ ಅವನಿಗೆ ಹೊಳೆಯುತ್ತಿದ್ದುದು ಇದೇ. ಡಚ್‌ನ ಆ ನೋಟವನ್ನು ಕೃತಜ್ಞತೆ ಎಂದುಕೊಂಡಿದ್ದ. ಇವತ್ತು ತನ್ನ ಮುಖದ ಮೇಲೆ ಅದೇ ನೋಟ ಬಂದು ಕೂತದ್ದನ್ನು, ಕನ್ನಡಿಯಿಲ್ಲದೆಯೇ, ಕೆನ್ನೆಯ ಚರ್ಮ ಬಿಗಿದದ್ದರಿಂದ ತಿಳಿದ.

'ನಿಧಾನ, ಅವಸರ ಇಲ್ಲ' ಎಂದ ವೆಂಡೆಲ್.

ನೋಡಿಯೇಬಿಡೋಣ ಎಂದುಕೊಂಡ ಓರಿನ್. ಎದುರಿನ ರಟ್ಟಿನ ಮೇಲೆ ಮೊಟ್ಟಮೊದಲ ಚೀಟಿ, ಗಸ್‌ನ ಪಟ್ಟಿಯ ತಲೆಯಲ್ಲಿ, ಕಣ್ಣು ಕಾಣದವನೂ ಓದಬಹುದಾದಷ್ಟು ದೊಡ್ಡ ಅಕ್ಷರದಲ್ಲಿತ್ತು. ಅದನ್ನೇ ನೋಡುತ್ತ, ಗಟ್ಟಿಯಾಗಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದ.

'ಕಾರ್ವರ್ ಹೋಲ್ಟ್‌ಬಿ.'

ಮಿಲ್ಟ್‌ನ ಮುಷ್ಟಿ ಅಭ್ಯಾಸಬಲದಿಂದ ಮೇಲೆದ್ದಿತು, ಬೀಳಲಿಲ್ಲ. ಮೆಲ್ಲಗೆ ಇಳಿದು ಬಿಯರ್ ಗ್ಲಾಸನ್ನು ಹಿಡಿದುಕೊಂಡಿತು. ಎಲ್ಲಿಯೋ ಒಂದು ಕುರ್ಚಿ ಕಿರುಗುಟ್ಟಿತು. ಮುಂದಿನ ಅಂಗಡಿಯಲ್ಲಿ ಯಾರೋ ನಾಣ್ಯ ಹಾಕಿ ಹಾಡು ಹಚ್ಚಿದರು. ಗಸ್ ಎದ್ದ. ರಟ್ಟಿನ ಹತ್ತಿರ ಹೋಗಿ, ಬೆಳಗ್ಗೆ ಸೊಂಟ ಕುಣಿಸಿ ಅಂಟಿಸಿದ ಚೀಟಿಯನ್ನು ಉಗುರಿನಿಂದ ಕಿತ್ತು, ಓರಿನ್‌ನ ಪಟ್ಟಿಗೆ ಅಂಟಿಸಿದ. ಅಂಟು ಹೋಗಿತ್ತು. ಚೀಟಿ ನಿಲ್ಲದೆ ಮಡಚಿಕೊಂಡಿತು. ಅಂಗೈಯಿಂದ ಒತ್ತಿ ಹಿಡಿದ.

'ನಂಗೂ ಅವನ ಮೇಲೆ ಅಷ್ಟೇನೂ ನಂಬಿಕೆ ಇರ್ಲಿಲ್ಲ' ಎಂದ ಗಸ್, ಗೋಡೆಯ ಕಡೆಗೆ ಮುಖ ಮಾಡಿಕೊಂಡೇ. 'ನಿಂಗೇ ಇರ್ಲಿ ಬಿಡು.'

'ಬಡೀರೋ' ಎಂದ ಓರಿನ್.

ಯಾರೂ ಅಲ್ಲಾಡಲಿಲ್ಲ.

'ಸತ್ತ ಹೆಸರು ಕೂಗಿದೀನಿ. ಮೇಜು ಬಡೀರೋ. ಏನಾಗಿದೆ ನಿಮಗೆಲ್ಲ?'

'ಇರ್ಲಿ ಬಿಡು ಓರಿನ್, ಯಾರಿಗಾದ್ರೂ ಆಗುತ್ತೆ' ಎಂದ ಮಿಲ್ಟ್. ಅವನ ತಲೆಯ ಮೇಲೆ ಕತ್ತೆಕಿವಿಗಳು ಜೋತುಬಿದ್ದಿದ್ದವು.

'ಬೇಕಂತಲೇ ಅಂದೆ ಕಣೋ. ನೀವೇನು ಮಾಡ್ತೀರಿ ನೋಡೋಣ ಅಂತ ಅಂದೆ.'

'ಗೊತ್ತು' ಎಂದ ವೆಂಡೆಲ್ ತಕ್ಷಣ. 'ಗೊತ್ತಾಯ್ತು ನಮಗೆ.'

ಅಷ್ಟು ಬೇಗ ಗೊತ್ತು ಎಂದದ್ದರಿಂದಲೇ ಅವರಿಗೆ ಗೊತ್ತಾಗಲಿಲ್ಲವೆಂದು ಓರಿನ್‌ಗೆ ಗೊತ್ತಾಯಿತು. ಅವರ ಕಣ್ಣುಗಳು ಒಂದರಿಂದೊಂದಕ್ಕೆ ಹೋಗಿ ಬಂದವು. ಬರ್ನಿಸ್ ಫೋನಿನಲ್ಲಿ ಹೇಳಿದಾಗ ಅರ್ಧ ನಂಬಿದ್ದವರು ಈಗ ಪೂರ್ತಿ ನಂಬಿದರು. ಸಾಕ್ಷಿಯನ್ನು ತಾನೇ ಕೈಯಾರೆ ಎತ್ತಿ ಕೊಟ್ಟಿದ್ದ. ತಲೆ ಕೆಟ್ಟವನೂ ಬೇಕಂತಲೇ ಅಂದೆ ಎಂದೇ ಹೇಳುತ್ತಾನೆ. ಬೇರೆ ಏನು ಹೇಳಿಯಾನು? ಓರಿನ್ ಎದ್ದು, ಮೇಜಿಗೆ ಒರಗಿ ಒಂದೊಂದೇ ಕುರ್ಚಿ ದಾಟಿಕೊಂಡು ಮಿಲ್ಟ್‌ನ ಹತ್ತಿರ ಹೋಗಿ, ಅವನ ತಲೆಯಿಂದ ಟೋಪಿ ಕಿತ್ತು ತನ್ನ ತಲೆಗೆ ಹಾಕಿಕೊಂಡ. ಒಂದೇ ಕೈಯಲ್ಲಿ ಹಾಕಿಕೊಂಡದ್ದರಿಂದ ಅದು ಓರೆಯಾಗಿ ಕೂತು ಒಂದು ಕಿವಿ ಕಣ್ಣಿನ ಮೇಲೆ ಬಂತು. ಒಬ್ಬನಾದರೂ ನಗಲಿ ಎಂದು ಕಾದ. ಮಿಲ್ಟ್ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡ.

ವಾಪಸು ಬಂದು ಕೂತ. 'ಇನ್ನೊಂದು ಹೆಸರೂ ನಿನ್ನದೇ' ಎಂದ ವೆಂಡೆಲ್. ಹೌದು, ಮೂಲೆ. ಎರಡನೆಯದು. ಚಳಿಗಾಲವೆಲ್ಲ ಕಾದಿಟ್ಟದ್ದು. ಇದೊಂದನ್ನು ಹೇಳಿಬಿಟ್ಟರೆ, ಇಂಥವನನ್ನು ಇಂಥ ಹೊತ್ತಿಗೆ ಕರೆಯುವುದು ತಲೆ ನೆಟ್ಟಗಿರುವವನ ಕೆಲಸವೆಂದು ವೆಂಡೆಲ್‌ಗಾದರೂ ತಿಳಿದೀತು. ಓರಿನ್ ಬಾಯಿ ತೆರೆದ. ಉದ್ದ ಕತ್ತು ಕಂಡಿತು. ಬೇಲಿಯ ಗೂಟ ಕಂಡಿತು. ಟೋಪಿಯ ಅಂಚನ್ನು ಎರಡು ಸಲ ಮುಟ್ಟಿ, ಎಡಗೈ ಹಿಂದಕ್ಕೆ ಎಳೆದು, ಬಲಗಾಲು ಎತ್ತಿ ಎಸೆಯುವ ರೀತಿ, ಚೆಂಡು ಕೈ ಬಿಟ್ಟ ಮೇಲೂ ನಾಲಿಗೆ ಕಚ್ಚಿಕೊಂಡಿರುವ ಮುಖ, ಎಲ್ಲ ಕಂಡಿತು. ಹೆಸರಿನ ಜಾಗದಲ್ಲಿ ಮಾತ್ರ ಗೋಡೆಗೆ ಅಂಟದ ಬಿಳಿ ಚೀಟಿ. ಬಾಚಣಿಗೆಯ ಹಲ್ಲುಗಳು ಒಂದೊಂದಾಗಿ ಹಾದುಹೋದವು. ಯಾರೂ ಮರಳು ಎನ್ನಲಿಲ್ಲ. ಮರಳು ಮಲಗಿತ್ತು. ಮಲಗಿಸಿದ ಮರಳು ಎಂದಿಗೂ ಮುಗಿಯುವುದಿಲ್ಲವೆಂದು, ಅದಕ್ಕಿಂತ ದೊಡ್ಡ ಶಿಕ್ಷೆ ಯಾವ ಟೋಪಿಯೂ ಅಲ್ಲವೆಂದು ಅವನಿಗೆ ಆಗ ತಿಳಿಯಿತು. ಎಸೆದು ತೋರಿಸೋಣವೆಂದು ಎಡಗೈ ಎತ್ತಲು ಹೋದ. ಅದು ಮೇಜಿನಿಂದ ಒಂದು ಗೇಣು ಎದ್ದು ನಡುಗತೊಡಗಿತು. ಗಸ್ ಅಲ್ಲಿಂದ ಎದ್ದು ಬಂದು ಆ ಕೈಯನ್ನು ತನ್ನ ಎರಡು ಕೈಗಳ ನಡುವೆ ಹಿಡಿದು, ಮಗುವಿನ ಕೈಯ ಹಾಗೆ, ಮೇಜಿನ ಮೇಲೆ ಮೆತ್ತಗೆ ಇಳಿಸಿದ.

'ಹಾಬ್ಸನ್ ಅಲ್ವಾ?' ಎಂದ ಗಸ್, ಬಗ್ಗಿ, ಕಿವಿಯ ಹತ್ತಿರ. 'ಸ್ಯಾಮ್ ಹಾಬ್ಸನ್. ಅವನನ್ನೇ ತಾನೇ ನೀನು ಅಂದ್ಕೊಂಡಿದ್ದು?'

ಹಾಬ್ಸನ್ ಹೋದ ವರ್ಷವೇ ಮುಗಿದುಹೋದ ಎಸೆತಗಾರ. ಹೊಡೆಸಿಕೊಳ್ಳುವುದೇ ಅವನ ಕಸುಬು. ಹಾಬ್ಸನ್‌ನನ್ನು ಆರಿಸಿದವನನ್ನು ಹಿಂದೆ ಈ ಮೇಜಿನಲ್ಲಿ ಹರಿದು ತಿನ್ನುತ್ತಿದ್ದರು. ಏಳು ಮುಖಗಳು ಅವನ ಕಡೆಗೆ ಬಾಗಿದ್ದವು. ಎಲ್ಲ ಮುಖಗಳಲ್ಲೂ ಅದೇ ಒಳ್ಳೆಯತನ.

'ಹೌದು' ಎಂದ ಓರಿನ್.

'ಒಳ್ಳೇ ಆಯ್ಕೆ' ಎಂದ ವೆಂಡೆಲ್, ಚೀಟಿ ಬರೆಯುತ್ತ.

ಉಳಿದ ಸುತ್ತುಗಳು ಹೇಗೆ ಮುಗಿದವೋ ಅವನಿಗೆ ತಿಳಿಯಲಿಲ್ಲ. ಅವರು ಹೆಸರು ಹೇಳಿದರು, ಇವನು ತಲೆಯಾಡಿಸಿದ. ಹೊರಡುವಾಗ ಟೋಪಿಯನ್ನು ಯಾರು ತೆಗೆದು ಮೊಳೆಗೆ ಸಿಕ್ಕಿಸಿದರೆಂಬುದೂ ತಿಳಿಯಲಿಲ್ಲ. ಬಾಗಿಲ ಹತ್ತಿರ ಮಿಲ್ಟ್ ಬೆನ್ನು ತಟ್ಟಿ, 'ಈ ಸಲ ನಿನ್ನ ತಂಡವೇ ಎಲ್ಲರದಕ್ಕಿಂತ ಗಟ್ಟಿ ಮಾರಾಯ' ಎಂದ. ಅದು ನಿಜವಾಗಿತ್ತು. ಟೆಲ್ಲೆಸ್, ಡ್ಯುಸೆಕ್, ಅವರ ಮೇಲೆ ಹೋಲ್ಟ್‌ಬಿ. ಅಂಥ ತಂಡ ಈ ಮೇಜಿನಲ್ಲಿ ಯಾರಿಗೂ ಎಂದೂ ಸಿಕ್ಕಿರಲಿಲ್ಲ. ಬೇಸಿಗೆಯಿಡೀ ಗೆಲ್ಲುತ್ತಾನೆ. ಪ್ರತಿ ಗೆಲುವಿಗೂ ಅವರು ಫೋನು ಮಾಡಿ ಅಭಿನಂದಿಸುತ್ತಾರೆ. ಬರ್ನಿಸ್ ಫೋನು ತಂದುಕೊಟ್ಟು ಪಕ್ಕದಲ್ಲಿ ನಿಂತುಕೊಳ್ಳುತ್ತಾಳೆ.

ಸರೋವರದ ಪಕ್ಕದ ರಸ್ತೆಯಲ್ಲಿ ಬಿಸಿಲು ಇನ್ನೂ ಇತ್ತು. ಮಂಜುಗಡ್ಡೆಯ ಮೇಲೆ ಬಿದ್ದು ಕಣ್ಣು ಚುಚ್ಚುತ್ತಿತ್ತು. ಗಸ್ ನಿಧಾನವಾಗಿ ಓಡಿಸುತ್ತಿದ್ದ, ಗುಂಡಿ ಬಂದಲ್ಲೆಲ್ಲ ಮೊಟ್ಟೆಯ ಬುಟ್ಟಿ ಇಟ್ಟುಕೊಂಡವನ ಹಾಗೆ. ಮುಚ್ಚಿದ ಎರಕದ ಕಾರ್ಖಾನೆಯ ಗೇಟು ದಾಟುತ್ತಿರುವಾಗ, ಯಾರೂ ಕೇಳದೆ, ಯಾರೂ ಕಾಯದೆ, ಹೆಸರು ಬಂತು. ಅಮೋಸ್ ಟ್ರೆಡ್‌ವೆಲ್. ಒಂದು ಅಕ್ಷರವೂ ಸವೆಯದೆ, ಈಗ ತಾನೇ ಅಚ್ಚಿನಿಂದ ಬಿಚ್ಚಿದ ಎರಕದ ಹಾಗೆ ಬಿಸಿಯಾಗಿ, ನಾಲಿಗೆಯ ಮೇಲೆ ಬಂದು ಕೂತಿತು. ಅವನು ಗಸ್‌ನ ಕಡೆ ತಿರುಗಿದ.

'ಏನಾದ್ರೂ ಬೇಕಾ ಓರಿನ್? ಕಾರು ನಿಲ್ಲಿಸ್ಲಾ?' ಎಂದ ಗಸ್.

ಓರಿನ್ ಬಾಯಿ ಮುಚ್ಚಿಕೊಂಡ. ಹೇಳಿದರೆ ಟ್ರೆಡ್‌ವೆಲ್‌ನನ್ನೂ ಕೊಟ್ಟುಬಿಡುತ್ತಿದ್ದರು.